ಕಳ್ಳ ಕುಬಸದ ಹಿಂದಿನ ದಿನ

ಕುಕ್ಕರಿನಲ್ಲಿ ಹೂರಣದ ಬೇಳೆ, ಡ್ರೈಯರಿನಲ್ಲಿ ಎರಡನೇ ಸಲದ ಬಟ್ಟೆ, ಸಿಂಕಿನಲ್ಲಿ ಬೆಳಗಿನ ಪಾತ್ರೆ. ಗಂಡ ಶರಣ ಕೆಲಸದ ಮೇಲೆ ಫೇರ್‌ಫ್ಯಾಕ್ಸ್‌ಗೆ ಹೋಗಿದ್ದರಿಂದ ಜಾರ್ಜಿಯಾದ ಸುವಾನಿ ಊರಿನ ಮನೆಯಲ್ಲಿ ಎಲ್ಲವೂ ನೀಲಗಂಗಾಳ ತಲೆಯ ಮೇಲೇ ಬಿದ್ದಿತ್ತು. ನಾಳೆ ತಂಗಿ ಪ್ರತಿಭಾಳಿಗೆ ಕಳ್ಳ ಕುಬಸ. ಐದನೇ ತಿಂಗಳಲ್ಲಿ, ಊರಿಗೆಲ್ಲ ಸಾರದೆ, ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಶಾಸ್ತ್ರ. ಅದಕ್ಕೆಂದೇ ಶಾರ್ಲೆಟ್‌ನಿಂದ ಬಂದ ಪ್ರತಿಭಾ ಸೋಫಾದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು.

ಊಟದ ಮೇಜಿನ ತುಂಬ ಮಗಳು ಅಮೂಲ್ಯಾಳ ಚಾರ್ಟು. ಮಾರ್ಚ್ ಐರಿಶ್ ಪರಂಪರೆಯ ತಿಂಗಳೆಂದು ಶಾಲೆಯಲ್ಲಿ ಐರ್ಲೆಂಡಿನ ಚರಿತ್ರೆಯ ಒಂದೊಂದು ವರ್ಷವನ್ನು ಒಬ್ಬೊಬ್ಬರಿಗೆ ಹಂಚಿದ್ದರು. ಇವಳಿಗೆ ಬಂದದ್ದು ಎರಡು ಸಾವಿರದ ಹನ್ನೆರಡು; ಆ ವರ್ಷದ ಘಟನೆ, ಹುಟ್ಟು, ಸಾವು ಎಂದು ಮೂರು ಮನೆ ತುಂಬಬೇಕಿತ್ತು.

“ಅಮ್ಮ, ಬರ್ತ್ಸ್‌ಗೆ ಯಾರೂ ಇಲ್ಲ. ಎಲ್ಲಾರೂ ನನ್ ಏಜ್. ಇನ್ನೂ ಯಾರೂ ಫೇಮಸ್ ಆಗಿಲ್ಲ.”

“ಮೊದಲ ನೀ ಆಗು. ಅಲ್ಲೀತನಕ ಆ ಸಾಕ್ಸ್ ಮಡಚಿಡು.”

“ಇವೆಂಟ್ಸ್ ಓಕೆ. ಒಲಿಂಪಿಕ್ಸ್ ಬಾಕ್ಸಿಂಗ್ ಗೋಲ್ಡ್ ಇದೆ. ಡೆತ್ಸ್‌ಗೆ ಒಬ್ರು ಸಿಕ್ರು. ಶಿ ಈಸ್ ಫ್ರಮ್ ಬೆಲ್ಗಾಮ್, ನಿನ್ ಥರ. ಸವಿತಾ ಅಂತ—”

“ಸಾಕು, ಸುಮ್ಮನಿರು.”

ಬಸುರಿ ಇರುವ ಮನೆಯಲ್ಲಿ ಅಂಥ ಸುದ್ದಿ ಎತ್ತಬಾರದು. ಆ ವರ್ಷ ಅಮೂಲ್ಯಾ ಹೊಟ್ಟೆಯಲ್ಲಿದ್ದಾಗ ನೀಲಗಂಗಾ ಹೆರಿಗೆಗೆಂದು ಬೆಳಗಾವಿಯ ತವರಿನಲ್ಲಿದ್ದಳು. ಊರೆಲ್ಲ ಅದೇ ಮಾತಾಡುತ್ತಿದ್ದಾಗ ಅವ್ವ ಪೇಪರು ಮುಚ್ಚಿಟ್ಟು, ಟೀವಿ ಕೆಟ್ಟಿದೆ ಎಂದಿದ್ದಳು. ಬಾಣಂತನ ಮುಗಿದ ಮೇಲೇ ನೀಲಗಂಗಾಳಿಗೆ ಗೊತ್ತಾದದ್ದು: ಐರ್ಲೆಂಡಿನ ಗಾಲ್ವೆಯ ಆಸ್ಪತ್ರೆಯಲ್ಲಿ ಗರ್ಭ ಉಳಿಯುವುದಿಲ್ಲವೆಂದು ತಿಳಿದಿದ್ದರೂ, ಕೂಸಿನ ಎದೆಬಡಿತ ಇನ್ನೂ ಇದೆಯೆಂದು ಕಾಯಿಸಿದರು, ನಂಜೇರಿ ಆ ಹುಡುಗಿ ತೀರಿಕೊಂಡಳು. ಈಗ ಜಾರ್ಜಿಯಾದಲ್ಲೂ, ಎದೆಬಡಿತ ಶುರುವಾದ ಮೇಲೆ ಗರ್ಭ ತೆಗೆಯಬಾರದೆಂಬ ಕಾನೂನು ಬಂದಿತ್ತು. ಅದರ ಬಗ್ಗೆ ಯೋಚಿಸಲು ನೀಲಗಂಗಾ ತನಗೆ ತಾನೇ ಬಿಡುವು ಕೊಟ್ಟಿರಲಿಲ್ಲ.

“ಆಕಿಗಿ ಎಷ್ಟು ವಾರ ಆಗಿದ್ದುವು?” ಸೋಫಾದಿಂದ ಪ್ರತಿಭಾ ಕೇಳಿದಳು.

ಅಮೂಲ್ಯಾ ಅಮ್ಮನ ಮುಖ ನೋಡಿ, “ಸೆವೆಂಟೀನ್, ಚಿಕ್ಕಮ್ಮ” ಎಂದಳು.

“ನಂಗ ಹತ್ತೊಂಬತ್ತು.” ಪ್ರತಿಭಾ ಮೆಲ್ಲಗೆ ಎದ್ದು ಕುಳಿತಳು. “ಅಕ್ಕಾ, ನಿನ್ನೆಯಿಂದ ನೀರು ಹೋಗಾಕತ್ತೈತಿ.”

“ಯಾಕ ಹೇಳಲಿಲ್ಲ?”

“ನೀ ಒಬ್ಬಾಕಿನ ಇಷ್ಟೆಲ್ಲಾ ಮಾಡಾಕತ್ತಿದ್ದಿ. ಶಾಸ್ತ್ರದ ಮುಂದ ಅಪಶಕುನದ ಮಾತು ಯಾಕಂತ.”

ನೀಲಗಂಗಾ ಒಲೆ ಆರಿಸಿದಳು. ಬಾಯಿ ಮುಚ್ಚಿಕೊಂಡಿರುವುದನ್ನು ಇಬ್ಬರೂ ಕಲಿತದ್ದು ಒಂದೇ ಮನೆಯಲ್ಲಿ. ಅಮೂಲ್ಯಾಳನ್ನು ಪಕ್ಕದ ಮನೆಯ ಸೌಮ್ಯಾ ಆಂಟಿಗೆ ಒಪ್ಪಿಸಿ ಕಾರು ತೆಗೆದಳು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮುಗಿಯುವ ಹೊತ್ತಿಗೆ ಪ್ರತಿಭಾಳ ಗಂಡ ಸೌರಭ್‌ನ ಫೋನು ಬಂತು. ಸುದ್ದಿ ತಿಳಿದು ಅವನು ಶಾರ್ಲೆಟ್ ಬಿಟ್ಟು ಹೊರಟಿದ್ದ.

“ಅಕ್ಕಾರ, ನಾ ಬರೂತನಕ ಆಕಿಗಿ ಏನೂ ತಿಳೀಬಾರದು. ಗಾಬರಿ ಆಗ್ತಾಳ. ಡಾಕ್ಟರ್ ಏನಿದ್ರೂ ನಿಮ್ಮ ಮುಂದ ಹೇಳ್ಲಿ.”

ಹೌದೆನ್ನುವುದು ಸುಲಭವಿತ್ತು. ಅವ್ವನಾಗಿದ್ದರೆ ಹೌದೆನ್ನುತ್ತಿದ್ದಳು. ನೀಲಗಂಗಾ ಫೋನನ್ನು ಸ್ಪೀಕರಿಗೆ ಹಾಕಿ ತಂಗಿಯ ಹಾಸಿಗೆಯ ಮೇಲಿಟ್ಟಳು.

“ಸೌರಭ್, ಆಕಿನೂ ಕೇಳ್ತಾಳ, ನೀವೂ ಕೇಳ್ರಿ,” ಎಂದು ಡಾಕ್ಟರತ್ತ ತಿರುಗಿ, ಏನನ್ನೂ ಬಚ್ಚಿಡದೆ ಹೇಳಿ ಎಂದು ಇಂಗ್ಲಿಷಿನಲ್ಲಿ ಕೇಳಿಕೊಂಡಳು.

ಡಾಕ್ಟರು ನಿದ್ದೆಗೆಟ್ಟ ಕಣ್ಣಿನ ಹೆಂಗಸು. ಕುರ್ಚಿ ಎಳೆದು ಕುಳಿತು ಹೇಳಿದಳು: ನೀರೆಲ್ಲ ಹೋಗಿದೆ. ಎದೆಬಡಿತ ಇದೆ, ಆದರೆ ಕೂಸು ಬದುಕುವ ಭರವಸೆ ಇಲ್ಲವೆಂದೇ ತಿಳಿಯಿರಿ. ಕಾದರೆ ನಂಜಿನ ಅಪಾಯ ನಿಮಗೆ. ಆಸ್ಪತ್ರೆಯ ವಕೀಲರನ್ನು ಕೇಳಿಯೇ ಬಂದಿದ್ದೇನೆ, ನಿಮ್ಮ ಸ್ಥಿತಿಯಲ್ಲಿ ಕಾಯಲೇಬೇಕೆಂದಿಲ್ಲ, ಈಗಲೇ ಗರ್ಭ ತೆಗೆಯಬಹುದು. ಆದರೆ ನಿಮ್ಮ ಇಚ್ಛೆ ನೀವೇ ಹೇಳಬೇಕು.

ಪ್ರತಿಭಾ ಅಳುತ್ತಲೇ ನಡುನಡುವೆ ತಡೆದು ಪ್ರಶ್ನೆ ಕೇಳಿದಳು. ಕೂಸಿಗೆ ನೋವಾಗುತ್ತದೆಯೇ ಎಂದಳು. ಮುಂದೆ ಮಕ್ಕಳಾಗುತ್ತವೆಯೇ ಎಂದಳು.

“ಪ್ರತಿಭಾ, ನೀ ಹೆಂಗ ಅಂತೀಯೊ ಹಂಗ,” ಎಂದ ಸೌರಭ್ ಕೊನೆಗೆ.

ಅಷ್ಟೊತ್ತು ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದ ಪ್ರತಿಭಾ ಅಕ್ಕನ ಕೈ ಹಿಡಿದು, “ನಾ ಕಾಯೂದಿಲ್ಲ ಅಕ್ಕಾ, ಹೇಳು ಅವರಿಗೆ,” ಎಂದಳು.

ನೀಲಗಂಗಾ ಹೇಳಿದಳು.