ಬಿಂದುಮಾಧವರಾಯರು ಓದಿಸುತ್ತಿದ್ದ ಸಾಲು

ಮೇ ತಿಂಗಳ ನಾಸಿಕದಲ್ಲಿ, ಡಾಂಬರು ಚಪ್ಪಲಿಗೆ ಅಂಟುವಂಥ ಬಿಸಿಲಿನಲ್ಲಿ, ತೋಳಿಲ್ಲದ ಉಣ್ಣೆಯ ಸ್ವೆಟರ್ ತೊಟ್ಟು, ನೆಲಕ್ಕೆ ನೋವಾದೀತೆಂಬಂತೆ ಹೆಜ್ಜೆಯಿಡುತ್ತ ಕಚೇರಿಗೆ ಹೋಗುತ್ತಿದ್ದವರು ಇಡೀ ಊರಿನಲ್ಲಿ ಬಿಂದುಮಾಧವರಾಯರೊಬ್ಬರೇ. ಸ್ವೆಟರ್ ಕಂಪ್ಯೂಟರ್ ಕೋಣೆಯ ತಣ್ಣನೆಯ ಗಾಳಿಗಾಗಿ ಹೆಂಡತಿ ಗೋದಾವರಿಬಾಯಿ ಹೆಣೆದದ್ದು. ನಡಿಗೆಯೂ ಅದೇ ಕೋಣೆಯ ಕೊಡುಗೆ. ಚಪ್ಪಲಿ ಹೊರಗೆ ಬಿಟ್ಟು, ಧೂಳೇಳದ ಹಾಗೆ ಅಲ್ಲಿ ನಡೆದೂ ನಡೆದೂ ಅದು ಬೀದಿಯಲ್ಲೂ ಅವರನ್ನು ಬಿಡಲಿಲ್ಲ.

ವಿಜಾಪುರದ ಕಡೆಯವರು. ಬಾವಿಗಳ ನೀರಿನ ಮಟ್ಟ ಅಳೆದು ದಾಖಲಿಸುವ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ, ಎಂಟು ಜನ ಎಂಟು ಪರದೆಗಳ ಮುಂದೆ ಕೂತು ಒಂದೇ ಯುನಿಕ್ಸ್ ಯಂತ್ರವನ್ನು ಹಂಚಿಕೊಳ್ಳುತ್ತಿದ್ದ ತೊಂಬತ್ತರ ದಶಕದ ಆರಂಭದಲ್ಲಿ, ಆ ಯಂತ್ರದ ಉಸ್ತುವಾರಿ ಇವರದು. ಹೊಸಬರು ಬಂದರೆ ಅವರಿಗೊಂದು ಹೋಮ್ ಡೈರೆಕ್ಟರಿ, ಅಂದರೆ ಪಾಸ್‌ವರ್ಡ್ ಒತ್ತಿದೊಡನೆ ಅವರು ಬಂದಿಳಿಯುವ, ಅವರು ಬರೆದದ್ದೆಲ್ಲ ಉಳಿಯುವ ಜಾಗ, ಗೊತ್ತುಮಾಡಿಕೊಡಬೇಕು. ಎರಡು ನಿಮಿಷದ ಕೆಲಸಕ್ಕೆ ರಾಯರು ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದರು. ಯಾರಿಗೆ ಯಾವ ಜಾಗವೆಂಬ ಪಟ್ಟಿಯಲ್ಲಿ ಅವರ ಸಾಲನ್ನು ತಾವೇ ಅಕ್ಷರ ಅಕ್ಷರವಾಗಿ ಒತ್ತಿ, ಎರಡು ಸಲ ನೋಡಿ, ಬಂದವರನ್ನು ಪರದೆಯ ಮುಂದೆ ಕೂರಿಸಿ, ಅವರು ಎಲ್ಲಿದ್ದಾರೆಂದು ಯಂತ್ರ ತೋರಿಸುವ ಆ ಒಂದು ಸಾಲನ್ನು ಗಟ್ಟಿಯಾಗಿ ಓದಿಸಿದ ಮೇಲೆಯೇ ಅವರಿಗೆ ಸಮಾಧಾನ. "ಜೋರಾಗಿ ಓದ್ರಿ, ನಿಮ್ಮ ಹೆಸರು ಬರೂತನಕ ಓದ್ರಿ." ಅಧಿಕಾರಿಗಳೂ ಒಂದನೆಯ ಇಯತ್ತೆಯ ಮಕ್ಕಳಂತೆ "ಸ್ಲ್ಯಾಶ್ ಯೂಸರ್ ಸ್ಲ್ಯಾಶ್" ಎಂದು ಓದಬೇಕಾಗುತ್ತಿತ್ತು. ಬೆನ್ನ ಹಿಂದೆ ಎಲ್ಲರೂ ನಗುತ್ತಿದ್ದರು.

ನಗುವವರಿಗೆ ಔರಂಗಾಬಾದಿನ ಕಥೆ ಗೊತ್ತಿರಲಿಲ್ಲ. ರಾಯರ ಮೊದಲ ಕಚೇರಿ ಅಲ್ಲಿ. ಅಲ್ಲಿ ಯಂತ್ರದೊಳಗಿನ ಜಾಗವೂ ಸರಕಾರಿ ಪದ್ಧತಿಯಂತೆ ಕುರ್ಚಿಗೆ ಸೇರಿದ್ದು, ಮನುಷ್ಯನಿಗಲ್ಲ. ನಾಲ್ಕನೆಯ ಕುರ್ಚಿಗೆ ಯಾರು ಬಂದರೂ ನಾಲ್ಕನೆಯ ಜಾಗ. ಮಹಾದೇವಪ್ಪ ಎಂಬ ಹಿರಿಯ ಗುಮಾಸ್ತರು ಕಾಮಾಲೆಯಾಗಿ ಮಲಗಿದಾಗ ಅವರ ಕುರ್ಚಿಗೆ ಬೇರೊಬ್ಬರು ಬಂದರು, ರಾಯರು ನಿಯಮದಂತೆ ಜಾಗ ಬಿಟ್ಟುಕೊಟ್ಟರು, ಬಂದವರು ಹಳೆಯದನ್ನೆಲ್ಲ ಗುಡಿಸಿ ಹಾಕಿದರು. ನಕಲು ಇಟ್ಟಿದ್ದ ಒಂದೇ ಟೇಪಿನ ಮೇಲೆ ಅಷ್ಟರಲ್ಲಿ ಬೇರೆಯದು ಬರೆದಾಗಿತ್ತು. ದೌಲತಾಬಾದಿನ ಸುತ್ತಿನ ಹಳ್ಳಿಗಳನ್ನು ಕಾಲ್ನಡಿಗೆಯಲ್ಲಿ ತಿರುಗಿ, ಎಂಟು ತಿಂಗಳು ಕೂತು ತುಂಬಿದ ಅಂಕಿಗಳಲ್ಲಿ ಒಂದೂ ಉಳಿಯಲಿಲ್ಲ. ಮಹಾದೇವಪ್ಪ ಬೈಯಲಿಲ್ಲ. ಖಾಲಿ ಪರದೆಯನ್ನು ನೋಡಿ, "ಇರ್ಲಿ ಬಿಡ್ರಿ ರಾಯರ, ಬಾವಿ ಅಲ್ಲೇ ಅದಾವು" ಅಂದರು. ಬೈದಿದ್ದರೆ ರಾಯರು ಒಂದು ವಾರದಲ್ಲಿ ಮರೆಯುತ್ತಿದ್ದರೇನೋ.

ಇಂಥವರ ಮುಂದೆ ನಾಸಿಕದ ಸಾಹೇಬರು ಅದೇ ಮಾತು ತೆಗೆದರು. ಡಿಸ್ಕ್ ತುಂಬಿತ್ತು. ಚಾಂದವಡದಿಂದ ದೇವದಾಸ ಎಂಬ ಗುಮಾಸ್ತರು ವರ್ಗವಾಗಿ ಬಂದಿದ್ದರು. ನಿರುಪಮಾ ಹೆರಿಗೆಗೆಂದು ಮೂರು ತಿಂಗಳ ರಜೆಯ ಮೇಲಿದ್ದಳು. ಅವಳದನ್ನು ಅಳಿಸಿ ಇವರಿಗೆ ಕೊಡಿ ಎಂದರು ಸಾಹೇಬರು. ನಿರುಪಮಾ ಧಾರವಾಡದ ಕಡೆಯ ಮನೆತನದವಳು, ನಾಸಿಕದಲ್ಲೇ ಬೆಳೆದು ಮಾತಿನಲ್ಲಿ ಮರಾಠಿ ಬೆರೆಸುವವಳು, ತಾತ್ಕಾಲಿಕ ನೇಮಕದವಳು. ನಿಫಾಡ್ ತಾಲೂಕಿನ ಬಾವಿಗಳ ವರದಿ ಮುಗಿಸಿಕೊಟ್ಟರೆ ಅವಳ ನೌಕರಿ ಖಾಯಂ ಆಗುವುದಿತ್ತು. ಅದು ಮುಕ್ಕಾಲು ಮುಗಿದು ಆ ಡೈರೆಕ್ಟರಿಯಲ್ಲೇ ಕೂತಿತ್ತು.

ರಾಯರಿಗೆ ಮೇಲಿನವರೆದುರು ಇಲ್ಲ ಎನ್ನಲು ಬಾರದು. "ನೋಡೋಣ್ರಿ" ಅಂದರು. ಮರುದಿನ ದೇವದಾಸರಿಗೆ ಜಾಗ ಸಿಕ್ಕಿತು, ನಿರುಪಮಾಳದು ಅಲುಗಲಿಲ್ಲ. ಹೇಗೆಂದು ಯಾರೂ ಕೇಳಲಿಲ್ಲ. ರಾಯರು ಆರು ವರ್ಷಗಳ ತಮ್ಮ ಟಿಪ್ಪಣಿ, ತಾವೇ ಬರೆದ ಸಣ್ಣಪುಟ್ಟ ಪ್ರೋಗ್ರಾಮುಗಳನ್ನೆಲ್ಲ ಅಳಿಸಿ, ಪಟ್ಟಿಯಲ್ಲಿ ತಮ್ಮ ಹೆಸರಿನ ಮುಂದೆ 'ಟೆಂಪ್' ಎಂಬ ಜಾಗ ಬರೆದುಕೊಂಡಿದ್ದರು. ಯಂತ್ರ ತನ್ನ ತಾತ್ಕಾಲಿಕ ಕಸ ಇಟ್ಟುಕೊಳ್ಳುವ ಜಾಗ ಅದು. ಅಲ್ಲಿದ್ದುದೆಲ್ಲ ಪ್ರತಿದಿನ ಯಂತ್ರ ಶುರುವಾಗುವಾಗ ಅಳಿದುಹೋಗುತ್ತಿತ್ತು. ನಕಲು ಇಟ್ಟುಕೊಳ್ಳಲು ಕಚೇರಿ ಫ್ಲಾಪಿ ಕೊಡುವುದು ಅರ್ಜಿ ಹಾಕಿದ ಎಷ್ಟೋ ತಿಂಗಳಿಗೆ. ಆದ್ದರಿಂದ ಅಳಿಸುವ ಮೊದಲೇ ಎಲ್ಲವನ್ನೂ ಇನ್ನೂರು ಪುಟದ ನೋಟುಬುಕ್ಕಿಗೆ ಇಳಿಸಿಕೊಂಡು, ಬೇಕಾದಷ್ಟನ್ನು ದಿನವೂ ಬೆಳಿಗ್ಗೆ ಹೊಸದಾಗಿ ಒತ್ತುತ್ತಿದ್ದರು. ಯಾರಾದರೂ ಬಂದರೆ ಪುಸ್ತಕವನ್ನು ಸ್ವೆಟರಿನೊಳಗೆ ತುರುಕುತ್ತಿದ್ದರು.

ಮರಳಿ ಬಂದ ನಿರುಪಮಾ ತನ್ನ ವರದಿ ಬಿಟ್ಟಲ್ಲೇ ಇದ್ದುದನ್ನು ಕಂಡಳು. ಪಕ್ಕದಲ್ಲಿ ದೇವದಾಸರು ಹೊಸದಾಗಿ ಕೂತಿದ್ದರು. ಜಾಗ ಎಲ್ಲಿಂದ ಬಂತೆಂದು ಅವಳಿಗೆ ಅನುಮಾನ ಬಂತು. ಯಾರ ಜಾಗ ಎಲ್ಲಿದೆಯೆಂಬ ಪಟ್ಟಿಯನ್ನು ಓದಲು ಅವಳಿಗೆ ಕಲಿಸಿದವರು ರಾಯರೇ. ತೆರೆದಳು, ಅವರ ಹೆಸರಿನ ಸಾಲಿಗೆ ಬಂದಳು, ಅಲ್ಲಿ 'ಟೆಂಪ್' ಎಂದಿದ್ದುದನ್ನು ಓದಿ ಕಣ್ಣು ತುಂಬಿ ಬಂತು.

ಅಂತೂ ಇಂತೂ ಬಂದಿದ್ದ ಫ್ಲಾಪಿಗಳಿಗೆ ತನ್ನ ಹಳೆಯ, ಮುಗಿದ ಕೆಲಸವನ್ನೆಲ್ಲ ಇಳಿಸಿ ಡಿಸ್ಕಿನಲ್ಲಿ ಜಾಗ ಖಾಲಿ ಮಾಡಿದಳು. ಎರಡು ವಾರದಲ್ಲಿ ವರದಿ ಮುಗಿಸಿದಳು. ಸಾಹೇಬರು ಅದಕ್ಕೆ ಸಹಿ ಹಾಕಿದ ದಿನ ರಾಯರನ್ನು ಹಿಡಿದು ತಂದು ಅವರ ಕುರ್ಚಿಯಲ್ಲೇ ಕೂರಿಸಿದಳು.

"ಸರ್, ನಿಮ್ಮ ಸಾಲು ಬದಲ್ ಮಾಡ್ರಿ. ಆತಾ, ಈಗಲೇ, ನನ್ನ ಮುಂದ."

"ನಂದೇನ್ ಬಿಡವಾ, ನಡದದ."

"ನಾ ಇಲ್ಲೇ ಉಭಾ ನಿಂತಿರ್ತೀನಿ, ಸರ್."

ರಾಯರು ಒಂದೊಂದೇ ಅಕ್ಷರ ಒತ್ತಿದರು, ಎರಡು ಸಲ ನೋಡಿದರು, ಯಂತ್ರದಿಂದ ಹೊರಬಿದ್ದು, ಪಾಸ್‌ವರ್ಡ್ ಒತ್ತಿ ಹೊಸದಾಗಿ ಒಳಗೆ ಬಂದರು. ಪರದೆಯ ಮೇಲೆ ಒಂದು ಸಾಲು ಮೂಡಿತು.

"ವಾಚಾ, ಸರ್. ಜೋರಾಗಿ ಓದ್ರಿ."

ಅಷ್ಟು ಜನರಿಗೆ ಓದಿಸಿದವರು "ಸ್ಲ್ಯಾಶ್ ಯೂಸರ್ ಸ್ಲ್ಯಾಶ್" ಎಂದು ಶುರುಮಾಡಿ, ತಮ್ಮ ಹೆಸರಿಗೆ ಬರುವಷ್ಟರಲ್ಲಿ ತಡವರಿಸಿದರು. ಈ ಸಲ ಯಾರೂ ನಗಲಿಲ್ಲ.

ಕೆಲವು ವರ್ಷಕ್ಕೊಮ್ಮೆ ಸಾಮಾನು ಕಟ್ಟುವ ವರ್ಗಾವಣೆಯ ಜನರಲ್ಲಿ ಇಂಥ ಒಂದು ಬಗೆಯವರಿರುತ್ತಾರೆ. ಹೋದಲ್ಲೆಲ್ಲ ಪರರ ಜಾಗವನ್ನು ಜತನದಿಂದ ಕಾಯುತ್ತಾರೆ, ತಮ್ಮದನ್ನು ಕೇಳಿದರೆ ನಡೆದಿದೆ ಅನ್ನುತ್ತಾರೆ. ಆ ಮಾತನ್ನು ನಂಬಬಾರದು. ಒಮ್ಮೆಯಾದರೂ ಅವರನ್ನು ಎದುರಿಗೆ ಕೂರಿಸಿ, ಅವರ ಹೆಸರಿರುವ ಸಾಲನ್ನು ಅವರ ಬಾಯಿಂದಲೇ ಓದಿಸಬೇಕು.