ಎಂಟು ಜಿಬಿ ಸಾಕಿತ್ತು

ನನ್ನ ಕಂಪ್ಯೂಟರ್ ದಿನಕ್ಕೆ ಏಳೆಂಟು ಸಲ ನಿಂತುಹೋಗುತ್ತಿತ್ತು. ಪರದೆಯ ಮೇಲೆ ಬಾಣ ಅಲ್ಲಾಡದೆ ನಿಂತದ್ದೇ ತಡ, ನಾನು ಪಕ್ಕದ ಕೋಣೆಗೆ ಓಡುತ್ತಿದ್ದೆ. ಅಲ್ಲಿ ಸೊಂಟದ ಮೂಳೆ ಮುರಿದುಕೊಂಡ ಅಮ್ಮ ಮಲಗಿದ್ದಳು.

"ನಿಂತುಹೋಯ್ತೇನೇ?" ಎಂದು ಅವಳು ಆಸೆಯಿಂದ ಕೇಳುತ್ತಿದ್ದಳು.

"ಹ್ಞೂ, ನಿಂತಿದೆ."

"ಪುಣ್ಯಾತ್ಮ ಕಂಪ್ಯೂಟರ್ರು! ಬಾ, ಬೇಗ."

ಬೆಡ್‌ಪ್ಯಾನ್ ಇಟ್ಟು ತೆಗೆದು, ಮಗ್ಗುಲು ಬದಲಿಸಿ, ದಿಂಬು ಸರಿಮಾಡಿ ಮರಳುವಷ್ಟರಲ್ಲಿ ಬಾಣಕ್ಕೆ ಮತ್ತೆ ಜೀವ ಬಂದಿರುತ್ತಿತ್ತು.

ವೈದ್ಯರು ಮಾತಾಡಿ ಕಳಿಸುವ ವರದಿಗಳನ್ನು ಕೇಳಿಸಿಕೊಂಡು ಟೈಪ್ ಮಾಡುವುದು ನನ್ನ ಕೆಲಸ. ಕಂಪನಿಯ ಕಾವಲು ಪ್ರೋಗ್ರಾಂ ಒಂದು ಸದಾ ನನ್ನ ಮೇಲೆ ಕಣ್ಣಿಟ್ಟಿರುತ್ತದೆ. ಊಟದ ಅರ್ಧ ಗಂಟೆ ಬಿಟ್ಟು ಬೇರೆ ಹೊತ್ತಿನಲ್ಲಿ ಎರಡು ನಿಮಿಷ ಕೈ ನಿಂತರೆ ಮೊದಲು ಎಚ್ಚರಿಕೆಯ ಸದ್ದು, ಆಮೇಲೆ ಒಂದು ಕೆಂಪು ಗುರುತು. ತಿಂಗಳಿಗೆ ಮೂರಾದರೆ ಕೆಲಸ ಇನ್ನೊಬ್ಬರಿಗೆ. ಕಂಪ್ಯೂಟರ್ ತಾನಾಗಿ ನಿಂತರೆ ಮಾತ್ರ ಅದು ಯಂತ್ರದ ತಪ್ಪು, ನನ್ನದಲ್ಲ. ಈ ಕೆಲಸ ಹೋದರೆ ನಾನು ದಿನವಿಡೀ ಹೊರಗೆ ದುಡಿಯಬೇಕು. ಅಮ್ಮನಿಗೆ ನನ್ನ ಬಿಟ್ಟರೆ ಯಾರೂ ಇಲ್ಲ.

ಕಳೆದ ವಾರ ಮೇಲ್ವಿಚಾರಕಿ ಫೋನ್ ಮಾಡಿದಳು. "ನಿಮ್ಮ ಮಷೀನು ಕೆಲಸಕ್ಕಿಂತ ವಿಶ್ರಾಂತಿ ತಗೊಳ್ಳೋದೇ ಜಾಸ್ತಿ ಕಣ್ರೀ. ಸೋಮವಾರದೊಳಗೆ ಮೆಮೊರಿ ಎಂಟು ಜಿಬಿಗಾದ್ರೂ ಏರಿಸಿ. ಇಲ್ಲಾಂದ್ರೆ ನನ್ನ ಕೈಯಲ್ಲಿ ಏನೂ ಇಲ್ಲ."

ರಜೆಯ ದಿನ, ಅಮ್ಮ ನಿದ್ದೆಹೋದ ಹೊತ್ತು ನೋಡಿ, ಹಳೆಯ ಮೆಮೊರಿ ಕಡ್ಡಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಅಂಗಡಿಗೆ ಹೋದೆ. ಅಂಗಡಿಯವನು ಅದನ್ನು ಬೆಳಕಿಗೆ ಹಿಡಿದು ನೋಡಿದ.

"ತಂದಿದ್ದು ಒಳ್ಳೇದಾಯ್ತು ಅಕ್ಕಾ. ಅಂಚಿನ ಈ ಕಚ್ಚು ಕೂದಲೆಳೆಯಷ್ಟು ಆಚೀಚೆ ಇದ್ರೂ ಹೊಸದು ಕೂರಲ್ಲ." ಆಮೇಲೆ ನಕ್ಕ. "ನಾಲ್ಕು ಜಿಬಿಯಲ್ಲಿ ಇಷ್ಟೆಲ್ಲ ಓಡಿಸ್ತಿದ್ರಾ? ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ!"

"ಎಂಟು ಸಾಕಾಗುತ್ತಾ?"

"ಸಾಕು. ಆಗೀಗ ಬಿಕ್ಕಳಿಸುತ್ತೆ, ಅಷ್ಟೆ. ಎಂಟರದ್ದು ಎರಡು ಹಾಕಿದ್ರೆ ನೋಡಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ."

'ಆಗೀಗ' ಎಂಬುದು ನನ್ನನ್ನು ಹೆದರಿಸಿತು. ಮೇಲ್ವಿಚಾರಕಿ ಮತ್ತೆ ಫೋನ್ ಮಾಡಿದರೆ? ಎರಡು ಕಡ್ಡಿ ಕೊಂಡೆ.

ಮನೆಯಲ್ಲಿ ಪೆಟ್ಟಿಗೆ ಬಿಚ್ಚಿ, ಧೂಳು ಊದಿ, ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿದೆ. ಕೊಂಡಿಗಳು ಕಟಕ್ಕೆಂದು ಕಚ್ಚಿಕೊಂಡವು. ಅಂದಿನಿಂದ ಕಂಪ್ಯೂಟರ್ ಒಮ್ಮೆಯೂ ನಿಲ್ಲಲಿಲ್ಲ.

ಸೋಮವಾರ ಬೆಳಿಗ್ಗೆಯೆಲ್ಲ ಹಿಗ್ಗಿದೆ. ಹನ್ನೊಂದರ ಹೊತ್ತಿಗೆ ಅಮ್ಮ ಕೂಗಿದಳು. "ಇವತ್ತೇನೇ ಅದಕ್ಕೆ ಬಂದಿರೋದು? ನಿಲ್ಲೋದೇ ಇಲ್ವಾ?" ಎದ್ದುಹೋದೆ. ಮರಳಿದಾಗ ಪರದೆಯ ಮೂಲೆಯಲ್ಲಿ ಕೆಂಪು ಗುರುತು. ಬುಧವಾರ ಇನ್ನೊಂದು. ಊಟದ ಬಿಡುವಿನಲ್ಲಿ ಅಂಗಡಿಗೆ ಫೋನ್ ಮಾಡಿದೆ.

"ಒಂದು ಕಡ್ಡಿ ಕಿತ್ತಿಟ್ರೆ ನಡುನಡುವೆ ನಿಲ್ಲುತ್ತಾ?"

"ಇಪ್ಪತ್ತು ವರ್ಷದಲ್ಲಿ ನಿಧಾನ ಮಾಡ್ಕೊಡಿ ಅಂದೋರು ನೀವೊಬ್ರೇ ಅಕ್ಕಾ!"

ಕಿತ್ತಿಡಬಹುದಿತ್ತು. ಆದರೆ ಕಾವಲು ಪ್ರೋಗ್ರಾಂ ಮೊದಲ ದಿನವೇ ಹದಿನಾರು ಜಿಬಿ ಎಂದು ಬರೆದುಕೊಂಡಿತ್ತು. ಮೇಲ್ವಿಚಾರಕಿ ಶಹಬ್ಬಾಸ್ ಎಂದು, ದಿನಕ್ಕೆ ಆರು ವರದಿ ಹೆಚ್ಚಿಗೆ ಹಂಚಿದ್ದಳು. ಏಕೆ ಇಳಿಸಿದಿರಿ ಎಂದು ಕೇಳಿದರೆ ಹೇಳಲು ನನ್ನ ಬಳಿ ಒಂದು ಸುಳ್ಳೂ ಇರಲಿಲ್ಲ.

ಗುರುವಾರದಿಂದ ಅಮ್ಮ ಕೂಗುವುದನ್ನೇ ಬಿಟ್ಟಳು. ಗುಣವಾಗುತ್ತಿದೆ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಅನುಕೂಲವಾಗಿತ್ತು.

ಶನಿವಾರ ಊಟ ಮುಗಿಸಿ ಅವಳ ತಟ್ಟೆ ಎತ್ತುವಾಗ, ಬೆಳಿಗ್ಗೆ ತುಂಬಿಸಿಟ್ಟ ನೀರಿನ ಲೋಟ ಹಾಗೇ ಇರುವುದು ಕಂಡಿತು. ಅವಳ ತುಟಿ ಬಿರಿದಿತ್ತು.

"ಯಾಕಮ್ಮಾ, ಕುಡಿದೇ ಇಲ್ಲ?"

"ಕುಡಿದ್ರೆ ಮತ್ತೆ ನಿನ್ನ ಎಬ್ಬಿಸ್ಬೇಕಲ್ಲ."

"ನಿನ್ನೆ?"

ಅವಳು ಗೋಡೆ ನೋಡಿದಳು.

ಬಿಡುವು ಮುಗಿಯುತ್ತಿತ್ತು. ಕತ್ತಿನ ಕೆಳಗೆ ಕೈಕೊಟ್ಟು ಎತ್ತಿ ಲೋಟ ಹಿಡಿದೆ. ಒಂದು ಗುಟುಕು ಕುಡಿದು ದಣಿದು ನಿಲ್ಲಿಸಿದಳು. ಮತ್ತೊಂದು. ಪಕ್ಕದ ಕೋಣೆಯಲ್ಲಿ ಪ್ರೋಗ್ರಾಂ ಎಚ್ಚರಿಕೆಯ ಸದ್ದು ಶುರುಮಾಡಿತು.

"ಕೂಗ್ತಿದೆ, ಹೋಗೇ."

"ಪೂರ್ತಿ ಕುಡಿ."

"ಹೋಗು ಅಂದ್ನಲ್ಲ, ಹಟಮಾರಿ! ಆಮೇಲೆ ಕುಡೀತೀನಿ."

"ನೀನು ಕುಡಿಯಲ್ಲ."

ನನ್ನ ಕಾಲು ಬಾಗಿಲ ಕಡೆಗೇ ತಿರುಗಿತ್ತು. ಲೋಟ ಮಾತ್ರ ಅವಳ ತುಟಿಯ ಬಳಿಯೇ ಇತ್ತು. ಅವಳು ಬಯ್ದುಕೊಳ್ಳುತ್ತಲೇ ಬಾಯಿ ತೆರೆದಳು. ಎರಡು ಗುಟುಕಿನ ನಡುವೆ ಆಚೆಯ ಸದ್ದು ನಿಂತಿತು. ಗುರುತು ಬಿದ್ದಮೇಲಷ್ಟೇ ಅದು ನಿಲ್ಲುವುದು. ಅಮ್ಮನಿಗೆ ಅದು ತಿಳಿಯದು. ನಾನು ಹೇಳಲೂ ಇಲ್ಲ. ಲೋಟವನ್ನು ಇನ್ನಷ್ಟು ವಾಲಿಸಿದೆ.