ಕಾಲುವೆಯ ಬಾಯಲ್ಲಿ ಕೂತವಳು

ಬಲೆಯ ಎರಡು ತುದಿಗಳೂ ಕೆರೆಯ ದಡ ಮುಟ್ಟುವ ಹೊತ್ತಿಗೆ ಪುಟ್ಟಮಾದಮ್ಮ ನೀರಂಚಿಗೆ ಬಂದು ಬಗ್ಗಿ ನೋಡುತ್ತಿದ್ದಳು. ಒಳಗೆ ಮರಿ ಬಿಟ್ಟು ಬೆಳೆಸಿದ ಒಂದಷ್ಟು ಕಾಟ್ಲಾ ಮೀನು, ಉಳಿದದ್ದೆಲ್ಲ ಜೊಂಡು.

"ಎಲ್ಲವ್ವಾ ನಿನ್ ಬಾಣಂತೀರು?" ಬಲೆ ಎಳೆಯುತ್ತಿದ್ದ ದೇವರಾಜು ಕೆಣಕಿದ. ಎಲ್ಲರೂ ನಕ್ಕರು.

ಮೊದಲ ಮಳೆಗೆ ಹೊಸ ನೀರು ಬಂದಾಗ ಮೊಟ್ಟೆ ತುಂಬಿದ ಮೀನುಗಳು ಮರಿ ಮಾಡಲು ಕೆರೆಯಿಂದ ಕಾಲುವೆಗೆ ಹತ್ತುತ್ತವೆ. ಬಿದಿರಿನ ಕೂಳಿ ಒಡ್ಡಿ ಅವನ್ನು ಹಿಡಿಯುವುದೆಂದರೆ ಊರಿಗೇ ಹಬ್ಬ. ಹಲಗೂರಿನಿಂದ ನೆಂಟರೂ ಬರುತ್ತಾರೆ. ಹೋದ ಮುಂಗಾರಿನಲ್ಲಿ ಪುಟ್ಟಮಾದಮ್ಮ ಸೀರೆ ಎತ್ತಿಕಟ್ಟಿ ಕಾಲುವೆಯ ಬಾಯಲ್ಲೇ ಕೂತುಬಿಟ್ಟಿದ್ದಳು. "ಬಾಣಂತನಕ್ಕೆ ತವರಿಗೆ ಓಯ್ತಿರೋ ಬಸುರೀರ್ನ ಅಡ್ಡಗಟ್ತೀರೇನ್ಲಾ? ನನ್ನ ತುಳ್ಕೊಂಡ್ ಓಗಿ."

ಯಾರೂ ತುಳಿಯಲಿಲ್ಲ; ಕೂಳಿ ಎತ್ತಿಕೊಂಡು ವಾಪಸಾದರು. ಆದರೆ ಮೀನುಗಾರರ ಸಂಘದ ಅಧ್ಯಕ್ಷ ಮಹದೇವು ಅವಳ ಸ್ವಂತ ಮೈದುನ. ನೆಂಟರ ಮುಂದೆ ಮುಖಭಂಗವಾಯಿತೆಂದು ಆವತ್ತೇ ಮಾತು ಬಿಟ್ಟ. ಈ ಸಲ ನಾಟಿ ಮೀನು ಬೀಳದಿದ್ದರೆ ಕೆರೆಯ ಮೀನನ್ನೆಲ್ಲ ಬಳಿದು ಬರೀ ಕಾಟ್ಲಾ ಮರಿ ಬಿಡುವುದೆಂದು ಸಂಘದಲ್ಲಿ ಹೇಳಿಯೂ ಇಟ್ಟ. ಕಾಟ್ಲಾ ಸೀದಾ ವ್ಯಾನ್ ಹತ್ತಿ ಮಂಡ್ಯಕ್ಕೆ ಹೋಗುತ್ತದೆ. ಪುಟ್ಟಮಾದಮ್ಮನಂತೆ ಬೀದಿ ಸುತ್ತಿ ಮಾರುವ ಹೆಂಗಸರ ಅನ್ನ ಇರುವುದು ಗೆಂಡೆ, ಕೊರವ, ಸೀಗಡಿಯಂಥ ನಾಟಿ ಮೀನಿನಲ್ಲಿ.

"ಕಾಲುವೆ ಮಗ್ಗುಲಿಂದ ಇನ್ನೊಂದ್ ದಪ ಎಳೀರಿ," ಎಂದಳು ಪುಟ್ಟಮಾದಮ್ಮ. ಮಹದೇವು ಅವಳತ್ತ ನೋಡದೆಯೇ ಹಗ್ಗ ಹಿಡಿದ.

ಈ ಸಲ ಹಗ್ಗ ಜಪ್ಪಯ್ಯ ಅನ್ನಲಿಲ್ಲ. ದೇವರಾಜು ಜಾರಿ ಕೆಸರಿನಲ್ಲಿ ಕುಂಡಿಯೂರಿದ. ಬಲೆ ದಡಕ್ಕೆ ಬಂದಾಗ ನೀರು ಎಸರಿನಂತೆ ಕುದಿಯಿತು: ಬೆಳ್ಳನೆಯ ಗೆಂಡೆ, ತೋಳುದ್ದದ ಕೊರವ, ಚಿಮ್ಮುವ ಸೀಗಡಿ, ನಡುನಡುವೆ ಕಾಟ್ಲಾ. ಹೆಂಗಸರು ಮೊಣಕಾಲುದ್ದ ನೀರಿಗೆ ಇಳಿದೇಬಿಟ್ಟರು. ಪುಟ್ಟಮಾದಮ್ಮನಿಗೆ ಕುಣಿಯುವಷ್ಟು ಸಂತೋಷ. ಆದರೂ ಗದರುವುದು ಬಿಡಲಿಲ್ಲ. "ಮರಿಗಳ್ನ ನೀರಿಗೆ ಬುಡ್ರಲಾ. ನಾಳೆಗೂ ಒಟ್ಟೆ ಐತೆ."

ಅವಳ ಬುಟ್ಟಿ ತುಂಬಿತು. ಒಬ್ಬಳೇ ತಲೆಗೇರಿಸಿಕೊಳ್ಳಲಾಗದೆ ಆಚೀಚೆ ನೋಡಿದಳು. ಉಳಿದವರೆಲ್ಲ ತಂತಮ್ಮ ಬುಟ್ಟಿಯ ಗಡಿಬಿಡಿಯಲ್ಲಿದ್ದರು. ಮಹದೇವು ಬಂದು ಕೈಯನ್ನು ಪಂಚೆಗೆ ಒರೆಸಿಕೊಂಡು ಬುಟ್ಟಿಯ ಇನ್ನೊಂದು ಅಂಚು ಹಿಡಿದ.

"ಬರೀ ಕಾಟ್ಲಾ ಬುಡೋ ಮಾತು ಬುಟ್ಟಾಯ್ತು, ಅತ್ಗಮ್ಮ. ಎತ್ತು."

ಇಬ್ಬರೂ ಒಟ್ಟಿಗೆ ಎತ್ತಿದರು. ಬುಟ್ಟಿಯಿಂದ ಸೋರಿದ ಕೆರೆಯ ನೀರು ಅವಳ ಕೆನ್ನೆಯ ಮೇಲೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಅವಳಿಗೆ ಕೈ ಬಿಡುವಿರಲಿಲ್ಲ.